ರೆಡ್‌ವುಡ್ ಕಾಡಿನ ನಡುವೆ ಮನೆ ಮಾಡೋದಾದರೆ: ಫೆಲ್ಟನ್, ಬೆನ್ ಲೋಮಂಡ್, ಬೌಲ್ಡರ್ ಕ್ರೀಕ್, ಸ್ಕಾಟ್ಸ್ ವ್ಯಾಲಿ, ಯಾವುದು ಯಾರಿಗೆ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಕೂಪರ್ಟಿನೋ ಕಡೆಯ ನಮ್ಮವರು ತಿಂಗಳಿಗೊಬ್ಬರಾದರೂ ಕೇಳುತ್ತಾರೆ. "ಆ ಕಾಡಲ್ಲಿ ಹೇಗಿದ್ದೀರಿ? ನಾವೂ ಬರೋಣ ಅಂತಿದ್ದೀವಿ, ಯಾವ ಊರು ನೋಡೋದು?" ಫೋನಿನಲ್ಲಿ ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವಳು. 2018ರಲ್ಲಿ ಬೌಲ್ಡರ್ ಕ್ರೀಕ್‌ಗೆ ಬಾಡಿಗೆಗೆ ಬಂದೆವು. 2020ರ ಕಾಡ್ಗಿಚ್ಚಿನಲ್ಲಿ ರಾತ್ರೋರಾತ್ರಿ ಮನೆ ಬಿಟ್ಟು ಹೊರಟೆವು. ಆಮೇಲೆ ಒಂದೂವರೆ ವರ್ಷ ಸ್ಕಾಟ್ಸ್ ವ್ಯಾಲಿಯ ಅಪಾರ್ಟ್‌ಮೆಂಟ್. ಈಗ ಫೆಲ್ಟನ್‌ನಲ್ಲಿ ಸ್ವಂತ ಮನೆ. ಬೆನ್ ಲೋಮಂಡ್‌ನಲ್ಲಿ ಮಾತ್ರ ನಾವು ಇದ್ದಿಲ್ಲ, ಆದರೆ ಮಗಳ ಗೆಳತಿಯ ಮನೆ ಅಲ್ಲೇ ಇರುವುದರಿಂದ ವಾರಕ್ಕೆ ಎರಡು ಮೂರು ಸಲ ಹೋಗಿ ಬರುತ್ತೇನೆ, ಆ ಊರಿನ ತಿರುವುಗಳೂ ಗೊತ್ತು, ಯಾರ ಅಂಗಳದಲ್ಲಿ ನಿಂಬೆ ಗಿಡ ಬರುತ್ತದೆ ಎನ್ನುವುದೂ ಗೊತ್ತು.

ಮನೆ ಎಷ್ಟು ದೊಡ್ಡದು, ಅಡುಗೆಮನೆ ಹೇಗಿದೆ, ಡೆಕ್ ಎಷ್ಟು ಅಗಲ, ಇದನ್ನೆಲ್ಲ ಆಮೇಲೆ ನೋಡಿ. ಮೊದಲು ಎರಡು ವಿಷಯ ತಿಳಿದುಕೊಳ್ಳಿ. ಚಳಿಗಾಲದಲ್ಲಿ ಆ ಮನೆಗೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ? ಬೆಂಕಿ ಬಂದರೆ ಆ ಮನೆಯಿಂದ ಹೊರಗೆ ಹೋಗಲು ಎಷ್ಟು ದಾರಿ ಇದೆ? ನಾನು ಮೂರು ಊರಲ್ಲಿ ಇದ್ದು ಕಲಿತದ್ದು ಇಷ್ಟು. ಊರೂರಿನ ಹೋಲಿಕೆಯನ್ನೂ ಈ ಎರಡರ ಮೇಲೇ ಮಾಡುತ್ತೇನೆ.

ಜಾಗ ಹೇಗಿದೆ

ಸಾಂಟಾ ಕ್ರೂಜ್ ಬೆಟ್ಟಸಾಲಿನ ಮಧ್ಯೆ ಸ್ಯಾನ್ ಲೊರೆಂಜೊ ಹೊಳೆ ಹರಿಯುತ್ತದೆ. ಹೊಳೆಯ ಪಕ್ಕಕ್ಕೇ ಅಂಟಿಕೊಂಡು ಒಂಬತ್ತನೇ ಹೆದ್ದಾರಿ. ಸಾಂಟಾ ಕ್ರೂಜ್ ಪಟ್ಟಣದಿಂದ ಏಳು ಮೈಲಿ ಮೇಲೆ ಬಂದರೆ ಫೆಲ್ಟನ್, ಅಲ್ಲಿಂದ ಮೂರು ಮೈಲಿಗೆ ಬೆನ್ ಲೋಮಂಡ್, ಆಮೇಲೆ ಬ್ರೂಕ್‌ಡೇಲ್ ಎಂಬ ಪುಟ್ಟ ಊರು ದಾಟಿದರೆ ಬೌಲ್ಡರ್ ಕ್ರೀಕ್. ಮೂರೂ ನಾಲ್ಕರಿಂದ ಆರು ಸಾವಿರ ಜನರ ಆಸುಪಾಸಿನ ಊರುಗಳು. ಸ್ಕಾಟ್ಸ್ ವ್ಯಾಲಿ ಈ ಹೊಳೆ ದಂಡೆಯದ್ದಲ್ಲ. ಅದು ಫೆಲ್ಟನ್‌ಗೆ ನಾಲ್ಕೈದು ಮೈಲಿ ಪೂರ್ವಕ್ಕೆ, ಸ್ಯಾನ್ ಹೋಸೆಗೆ ಹೋಗುವ ಹದಿನೇಳನೇ ಹೆದ್ದಾರಿಯ ಮೇಲೆ ಇದೆ, ಸುಮಾರು 12,000 ಜನ.

ಬೆಟ್ಟದ ಊರು ಎಂದರೆ ಎತ್ತರದಲ್ಲಿ ಇರುತ್ತದೆ ಎಂದುಕೊಂಡು ಬರುತ್ತಾರೆ. ಹಾಗಿಲ್ಲ. ಸುತ್ತಲಿನ ಗುಡ್ಡದ ನೆತ್ತಿ 2,000 ಅಡಿ ದಾಟುತ್ತದೆ, ಊರುಗಳು ಮಾತ್ರ ಕಣಿವೆಯ ತಳದಲ್ಲಿ, ಸಮುದ್ರ ಮಟ್ಟದಿಂದ ಮುನ್ನೂರರಿಂದ ಐನೂರು ಅಡಿಯಷ್ಟೇ ಮೇಲೆ ಇವೆ. ಅಂದರೆ ನೀವು ಬಟ್ಟಲಿನ ತಳದಲ್ಲಿ ಇರುತ್ತೀರಿ, ಬಟ್ಟಲಿನ ಅಂಚಿನ ತುಂಬ ಮರ.

ಇನ್ನೊಂದು ಮಾತು, ಮಲೆನಾಡಿನವರಿಗೆ. ನಮ್ಮೂರಿನ ಹಾಗೇ ಇರುತ್ತದೆ ಎಂದು ನಾನೂ ಬಂದಿದ್ದೆ. ಹಸಿರು ನೋಡಿದರೆ ಹಾಗೇ ಅನಿಸುತ್ತದೆ. ಮಣ್ಣಿನ ವಾಸನೆ, ಕಲ್ಲಿನ ಮೇಲಿನ ಹಾವಸೆ, ಮರದ ಮೇಲಿಂದ ತೊಟ್ಟಿಕ್ಕುವ ನೀರು, ಎಲ್ಲ ಇದೆ. ಆದರೆ ಲೆಕ್ಕ ಪೂರ್ತಿ ತಿರುಗುಮುರುಗು. ನಮ್ಮಲ್ಲಿ ಮಳೆ ಜೂನ್‌ನಿಂದ, ಸೆಕೆಯ ಬೆನ್ನಿಗೆ ಬರುತ್ತದೆ. ಇಲ್ಲಿ ಮಳೆ ನವೆಂಬರ್‌ನಿಂದ ಮಾರ್ಚ್‌ವರೆಗೆ, ಚಳಿಯ ಜೊತೆಗೇ ಬರುತ್ತದೆ. ಬೇಸಿಗೆಯಿಡೀ ಒಂದು ಹನಿ ಬೀಳುವುದಿಲ್ಲ ಎಂದರೂ ನಡೆಯುತ್ತದೆ. ವರ್ಷಕ್ಕೆ ಐವತ್ತು ಇಂಚಿನ ಸುಮಾರು ಮಳೆ ಬೀಳುವ ಕಾಡು ಸೆಪ್ಟೆಂಬರ್ ಹೊತ್ತಿಗೆ ಕಾಲಿಟ್ಟಲ್ಲಿ ಚರಚರ ಅನ್ನುವಷ್ಟು ಒಣಗಿರುತ್ತದೆ. ಇಲ್ಲಿನ ಬೆಂಕಿಯ ಕತೆಗೆಲ್ಲ ಬೇರು ಇದೇ.

ಬಿಸಿಲು

ಇದರ ಬಗ್ಗೆ ಮನೆ ತೋರಿಸುವವರು ಯಾರೂ ಹೇಳುವುದಿಲ್ಲ. ಜುಲೈನಲ್ಲಿ ಮನೆ ನೋಡಲು ಬಂದವರಿಗೆ ಇದು ಹೊಳೆಯುವುದೂ ಇಲ್ಲ. ಜುಲೈನಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಮರಗಳ ನಡುವಿನಿಂದ ಬಿಸಿಲು ಕೋಲು ಕೋಲಾಗಿ ಇಳಿಯುತ್ತಿರುತ್ತದೆ, ನೋಡಿದವರು ಅಲ್ಲೇ ಮನಸ್ಸು ಕೊಟ್ಟುಬಿಡುತ್ತಾರೆ. ಡಿಸೆಂಬರ್ 21ರ ಸುಮಾರಿಗೆ ಇಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಸೂರ್ಯ 30 ಡಿಗ್ರಿ ಮೇಲೆ ಏರುವುದಿಲ್ಲ. ಮನೆಯ ದಕ್ಷಿಣಕ್ಕೆ 150 ಅಡಿಯ ರೆಡ್‌ವುಡ್ ಒಂದಿದ್ದರೆ ಅದರ ನೆರಳು 260 ಅಡಿ ದಾಟಿ ಬೀಳುತ್ತದೆ. ಅದೇ ಮರ ತೀರ್ಥಹಳ್ಳಿಯಲ್ಲಿ ಇದ್ದಿದ್ದರೆ ಅದೇ ದಿನ ನೆರಳು 115 ಅಡಿ ಒಳಗೇ ಮುಗಿಯುತ್ತಿತ್ತು. ಇಲ್ಲಿ 150 ಅಡಿ ಏನೂ ದೊಡ್ಡದಲ್ಲ. ಫೆಲ್ಟನ್ ಪಕ್ಕದ ಹೆನ್ರಿ ಕೋವೆಲ್ ಉದ್ಯಾನದ ಹಳೆಯ ತೋಪಿನಲ್ಲಿ ಅತಿ ಎತ್ತರದ ಮರ ಸುಮಾರು 277 ಅಡಿ ಇದೆ. ರೆಡ್‌ವುಡ್ ನಿತ್ಯಹಸಿರು ಮರ, ಚಳಿಗಾಲದಲ್ಲಿ ಎಲೆ ಉದುರಿಸಿ ಬೆಳಕು ಬಿಡೋ ಜಾತಿ ಅಲ್ಲ.

ಬೌಲ್ಡರ್ ಕ್ರೀಕ್ ಮನೆಗೆ ಅಮ್ಮ ಫೆಬ್ರವರಿಯಲ್ಲಿ ಬಂದಿದ್ದರು. ಬಂದ ಮೂರನೇ ದಿನ ಮಜ್ಜಿಗೆಯಲ್ಲಿ ನೆನೆಸಿದ ಮೆಣಸಿನಕಾಯಿಯನ್ನು ಬಾಳಕಕ್ಕೆ ಒಣಗಿಸುತ್ತೇನೆ ಎಂದು ದೊಡ್ಡ ತಟ್ಟೆಯಲ್ಲಿ ಹರವಿಕೊಂಡು ಡೆಕ್ಕಿಗೆ ಹೋದರು. ಬಿಸಿಲು ಬಂದದ್ದು ಹನ್ನೊಂದೂ ಮುಕ್ಕಾಲಿಗೆ, ಡೆಕ್ಕಿನ ಎಡಗಡೆಯ ಮೂಲೆಗೆ, ಒಂದು ಚಾಪೆಯಷ್ಟು ಅಗಲ. ಅದು ನಿಧಾನವಾಗಿ ಬಲಕ್ಕೆ ಜರುಗುತ್ತಿತ್ತು, ಅಮ್ಮ ಕುರ್ಚಿ ಹಾಕಿಕೊಂಡು ಕೂತು ಹತ್ತು ನಿಮಿಷಕ್ಕೊಮ್ಮೆ ಎದ್ದು ತಟ್ಟೆಯನ್ನು ಅದರ ಹಿಂದೆಯೇ ಜರುಗಿಸುತ್ತಿದ್ದರು. ಒಂದೂಕಾಲಿಗೆ ಆ ತುಂಡು ಬಿಸಿಲು ಕಟಕಟೆ ಹತ್ತಿ ಮರದ ಬುಡಕ್ಕೆ ಹೋಯಿತು. "ಇಷ್ಟೇನಾ?" ಎಂದರು. ಇಷ್ಟೇ. ನಾಲ್ಕನೇ ದಿನ ಮೆಣಸಿನಕಾಯಿಯ ತೊಟ್ಟಿನ ಹತ್ತಿರ ಬಿಳಿ ಬೂಷ್ಟು ಬಂತು, ಎಲ್ಲ ಎಸೆದೆವು.

ಇದು ಬರೀ ಬಾಳಕದ ವಿಷಯ ಅಲ್ಲ ಅಲ್ವಾ? ಬಿಸಿಲು ಬೀಳದ ಮನೆಯಲ್ಲಿ ಬಟ್ಟೆ ಒಣಗುವುದಿಲ್ಲ, ಕಪಾಟಿನ ಹಿಂದಿನ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಚರ್ಮದ ಚಪ್ಪಲಿ ಎರಡು ತಿಂಗಳು ಮುಟ್ಟದಿದ್ದರೆ ಹಸಿರಾಗುತ್ತದೆ, ಸೋಲಾರ್ ಹಾಕಿಸಿ ಉಪಯೋಗವಿಲ್ಲ. ಸೂರಿನ ಮೇಲೆ ಪಾಚಿ ಬೆಳೆಯುತ್ತದೆ. ಹೀಟರ್ ಮತ್ತು ತೇವ ಹೀರುವ ಯಂತ್ರ ಇಡೀ ಚಳಿಗಾಲ ಓಡುತ್ತಲೇ ಇರಬೇಕು. ಇದಕ್ಕಿಂತ ಹೆಚ್ಚಾಗಿ ಮನಸ್ಸಿನ ಮೇಲೆ ಆಗುತ್ತದೆ. ಮೂರು ಗಂಟೆಗೆ ಮನೆಯೊಳಗೆ ದೀಪ ಹಾಕುವ ಹಾಗಿದ್ದರೆ, ಅದೂ ನಾಲ್ಕು ತಿಂಗಳು, ಕೆಲವರಿಗೆ ತಡೆದುಕೊಳ್ಳಲು ಆಗುವುದಿಲ್ಲ. ನನಗೆ ಗೊತ್ತಿರುವ ಎರಡು ಕುಟುಂಬ ಮೊದಲ ಚಳಿಗಾಲ ಮುಗಿಯುವ ಮೊದಲೇ ವಾಪಸ್ ಹೋದವು. ಎರಡಕ್ಕೂ ಕಾರಣ ಬೆಂಕಿಯಲ್ಲ, ದೂರವಲ್ಲ, ಕತ್ತಲೆ.

ಹಾಗಾದರೆ ಬಿಸಿಲಿನ ಮಟ್ಟಿಗೆ ಯಾವ ಊರು ಮೇಲು? ಸ್ಕಾಟ್ಸ್ ವ್ಯಾಲಿಗೆ ಮೊದಲ ಸ್ಥಾನ, ಅದರಲ್ಲಿ ಎರಡು ಮಾತಿಲ್ಲ. ಬಯಲು ಜಾಸ್ತಿ, ಮರ ಸುತ್ತಲಿನ ಗುಡ್ಡದ ಮೇಲೆ ಇರುತ್ತವೆ. ಎರಡನೆಯದು ಎಂದರೆ ನಿಮಗೆ ಆಶ್ಚರ್ಯ ಆಗಬಹುದು, ಬೆನ್ ಲೋಮಂಡ್‌ನ ಒಂದು ಭಾಗ. ಕ್ವೇಲ್ ಹಾಲೋ ಕಡೆ ನೆಲವೇ ಬೇರೆ. ಒಂದಾನೊಂದು ಕಾಲದಲ್ಲಿ ಸಮುದ್ರದ ತಳವಾಗಿದ್ದ ಬಿಳಿ ಮರಳು ಅಲ್ಲಿ ಮೇಲೆದ್ದು ನಿಂತಿದೆ, ಅದರಲ್ಲಿ ನೀರು ನಿಲ್ಲುವುದಿಲ್ಲ, ರೆಡ್‌ವುಡ್ ಬರುವುದಿಲ್ಲ. ಬದಲಿಗೆ ಪಾಂಡೆರೋಸಾ ಪೈನ್, ಕುರುಚಲು ಗಿಡ, ಈ ಮರಳುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಣದ ಕೆಲವು ಹೂಗಿಡ, ಕೆಲವು ಕೀಟ. ಅಲ್ಲಿ ಆಕಾಶ ಕಾಣುತ್ತದೆ. ನಿಂಬೆ ಗಿಡ ಹೇಳಿದೆನಲ್ಲ, ಅದು ಅಲ್ಲಿಯದೇ. ಐದು ನಿಮಿಷ ಕಾರು ಓಡಿಸಿದರೆ ಮತ್ತೆ ದಟ್ಟ ರೆಡ್‌ವುಡ್. ಕಾಡೂ ಬೇಕು ಬಿಸಿಲೂ ಬೇಕು ಎನ್ನುವವರು ಈ ಜಾಗ ಬಿಡದೆ ನೋಡಿ.

ಫೆಲ್ಟನ್‌ನಲ್ಲಿ ರಸ್ತೆ ರಸ್ತೆಗೂ ವ್ಯತ್ಯಾಸ. ಪೇಟೆಯ ಸುತ್ತ ಪರವಾಗಿಲ್ಲ, ಹಳ್ಳದ ಸಂದಿಗಳಲ್ಲಿ ಪೂರ್ತಿ ನೆರಳು. ಬೌಲ್ಡರ್ ಕ್ರೀಕ್‌ನಲ್ಲಿ ಗುಡ್ಡದ ದಕ್ಷಿಣ ಮುಖದ ಮನೆಗಳು ಚೆನ್ನಾಗಿವೆ, ಹಳ್ಳದ ಪಕ್ಕದವು ಅತಿ ಕತ್ತಲೆ. ಒಂದು ಹಳೆಯ ವಿಷಯ ತಿಳಿದಿರಲಿ. ಹಳ್ಳದ ದಂಡೆಯ ಎಷ್ಟೋ ಮನೆಗಳು ಮೊದಲು ಪಟ್ಟಣದವರು ಬೇಸಿಗೆಗೆ ಬಂದು ಹೋಗಲು ಕಟ್ಟಿಕೊಂಡ ಸಣ್ಣ ಕುಟೀರಗಳು. ಬೇಸಿಗೆಯ ನೆರಳೇ ಅವರಿಗೆ ಬೇಕಿದ್ದದ್ದು. ಗೋಡೆ ತೆಳು, ಒಳಗೆ ಚಳಿ ತಡೆಯುವ ಹೊದಿಕೆ ಇಲ್ಲ. ಆಮೇಲೆ ಅವನ್ನೇ ದೊಡ್ಡದು ಮಾಡಿ ವರ್ಷವಿಡೀ ಇರುವ ಮನೆ ಮಾಡಿದ್ದಾರೆ. ಗೋಡೆಗೆ ಕೈಯಿಟ್ಟು ನೋಡಿ, ತಣ್ಣಗೆ ಕೊರೆದರೆ ಅದು ಅಂಥ ಮನೆ.

ಬೆಂಕಿ ಮತ್ತು ದಾರಿ

2020ರ ಆಗಸ್ಟ್ 16ರ ಬೆಳಗಿನ ಜಾವ ಮಳೆಯಿಲ್ಲದ ಸಿಡಿಲು ಬಂತು. ಇಲ್ಲಿ ಆ ತಿಂಗಳಲ್ಲಿ ಸಿಡಿಲು ಅಪರೂಪ, ನಾವೆಲ್ಲ ಎದ್ದು ಕಿಟಕಿಯಲ್ಲಿ ನಿಂತು ನೋಡಿದ್ದೆವು, ಊರಿನ ಮುಂಗಾರು ನೆನಪಾಗಿ ನನಗೆ ಖುಷಿಯೂ ಆಗಿತ್ತು. ಎರಡು ದಿನಕ್ಕೆ ಗಾಳಿ ತಿರುಗಿ, ಅಲ್ಲಲ್ಲಿ ಹತ್ತಿದ್ದ ಬೆಂಕಿಗಳು ಕೂಡಿಕೊಂಡವು. 18ರ ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದಾಗ ಹೊರಗೆ ಏನೋ ಬೀಳುವ ಸದ್ದು, ತುಂಬ ಮೆತ್ತಗೆ. ಟಾರ್ಚ್ ಹಿಡಿದು ನೋಡಿದರೆ ಕಾರಿನ ಬಾನೆಟ್ ಮೇಲೆ ಸುಟ್ಟ ಎಲೆಗಳು. ಒಂದೊಂದೂ ಇಡಿಯಾಗಿತ್ತು, ನರ ನರವೂ ಕಾಣುತ್ತಿತ್ತು, ಕಪ್ಪು. ಬೆರಳು ತಾಗಿಸಿದರೆ ಪುಡಿ. ಮನೆ ಖಾಲಿ ಮಾಡಿ ಎಂಬ ಆದೇಶ ಬಂದಾಗ ನಾವು ಆಗಲೇ ಕಾರಿಗೆ ಸಾಮಾನು ತುಂಬುತ್ತಿದ್ದೆವು.

ಆ ಬೆಂಕಿ 86,509 ಎಕರೆ ಸುಟ್ಟಿತು. ಸುಮಾರು 1,490 ಕಟ್ಟಡ ಹೋದವು, ಅದರಲ್ಲಿ 900ಕ್ಕೂ ಹೆಚ್ಚು ಮನೆಗಳು. ಒಬ್ಬರು ತೀರಿಕೊಂಡರು. 1902ರಲ್ಲಿ ಶುರುವಾದ, ಕ್ಯಾಲಿಫೋರ್ನಿಯಾದ ಅತಿ ಹಳೆಯ ರಾಜ್ಯ ಉದ್ಯಾನ ಬಿಗ್ ಬೇಸಿನ್ ಹೆಚ್ಚುಕಡಿಮೆ ಪೂರ್ತಿ ಸುಟ್ಟಿತು. ಬೌಲ್ಡರ್ ಕ್ರೀಕ್ ಪೇಟೆ ಉಳಿಯಿತು. ನಮ್ಮ ಬಾಡಿಗೆ ಮನೆಯೂ ಉಳಿಯಿತು. ಆದರೆ ನೀರಿನ ಪ್ಲಾಸ್ಟಿಕ್ ಪೈಪುಗಳು ಕರಗಿ ಹೋಗಿ, ಕೆಲವು ಭಾಗಗಳಲ್ಲಿ ನಲ್ಲಿ ನೀರು ಕುಡಿಯಬೇಡಿ, ಕುದಿಸಿಯೂ ಕುಡಿಯಬೇಡಿ ಎಂದರು. ಕೈಕೂಸು ಇದ್ದ ನಾವು ಸ್ಕಾಟ್ಸ್ ವ್ಯಾಲಿಗೆ ಹೋದದ್ದು ಅದಕ್ಕೇ.

ಆ ರಾತ್ರಿ ನನಗೆ ದಾರಿಯ ಲೆಕ್ಕ ಅರ್ಥವಾಯಿತು. ಬೌಲ್ಡರ್ ಕ್ರೀಕ್‌ನಿಂದ ಹೊರಗೆ ಹೋಗಲು ಒಂಬತ್ತನೇ ಹೆದ್ದಾರಿ ದಕ್ಷಿಣಕ್ಕೆ ಒಂದು, ಅದೇ ಹೆದ್ದಾರಿ ಉತ್ತರಕ್ಕೆ ಗುಡ್ಡ ಹತ್ತಿ ಸಾರಾಟೋಗಾ ಕಡೆ ಇಳಿಯುವುದು ಇನ್ನೊಂದು, ಪೂರ್ವಕ್ಕೆ ಬೇರ್ ಕ್ರೀಕ್ ರಸ್ತೆ ಮೂರನೆಯದು. ಬಿಗ್ ಬೇಸಿನ್ ಕಡೆಯ 236ನೇ ಹೆದ್ದಾರಿ ನಕ್ಷೆಯಲ್ಲಿ ಕಾಣುತ್ತದೆ, ಆದರೆ ಅದು ಕಾಡೊಳಗೆ ಸುತ್ತಿ ಮತ್ತೆ ಒಂಬತ್ತಕ್ಕೇ ಬಂದು ಸೇರುತ್ತದೆ, ಅಂದು ಬೆಂಕಿ ಇದ್ದದ್ದೂ ಆ ಕಡೆಗೇ. ಎಲ್ಲವೂ ಎರಡೇ ಲೇನಿನ ತಿರುವು ರಸ್ತೆ, ಆಗುಂಬೆ ಘಾಟಿಯಲ್ಲಿ ಲಾರಿಯ ಹಿಂದೆ ಹೋದ ಹಾಗೆ ಹೋಗಬೇಕು. ಇದಕ್ಕೂ ಮೊದಲು ಮನೆಯಿಂದ ಹೆದ್ದಾರಿಗೆ ಬರುವ ಒಳರಸ್ತೆ ಇದೆ. ಎಷ್ಟೋ ಮನೆಗೆ ಅದು ಒಂದೇ, ಒಂದು ಕಾರು ಹೋಗುವಷ್ಟೇ ಅಗಲ, ಮಧ್ಯೆ ಒಂದು ಮರ ಬಿದ್ದರೆ ಮುಗಿಯಿತು.

ಫೆಲ್ಟನ್ ಈ ಲೆಕ್ಕದಲ್ಲಿ ಕಣಿವೆಯ ಊರುಗಳಲ್ಲೇ ಮೇಲು. ಅಲ್ಲಿ ರಸ್ತೆಗಳು ಕೂಡುತ್ತವೆ. ಮೌಂಟ್ ಹರ್ಮನ್ ರಸ್ತೆಯಲ್ಲಿ ಹತ್ತು ನಿಮಿಷಕ್ಕೆ ಸ್ಕಾಟ್ಸ್ ವ್ಯಾಲಿ, ಗ್ರಹಾಂ ಹಿಲ್ ರಸ್ತೆಯಲ್ಲಿ ಸಾಂಟಾ ಕ್ರೂಜ್, ಹೆದ್ದಾರಿ ಮೇಲಕ್ಕೂ ಕೆಳಕ್ಕೂ, ಪಶ್ಚಿಮಕ್ಕೆ ಗುಡ್ಡ ಹತ್ತುವ ಫೆಲ್ಟನ್ ಎಂಪೈರ್ ರಸ್ತೆ. ನಾವು ಇಲ್ಲಿ ಮನೆ ಕೊಂಡದ್ದಕ್ಕೆ ಮೊದಲ ಕಾರಣ ಇದೇ. ಮೌಂಟ್ ಹರ್ಮನ್ ರಸ್ತೆಗೆ ನಮ್ಮ ಮನೆಯಿಂದ ಮೂರು ನಿಮಿಷ. ಬೆನ್ ಲೋಮಂಡ್ ನಡುವಿನದು: ಹೆದ್ದಾರಿ, ಜೊತೆಗೆ ಗ್ಲೆನ್ ಆರ್ಬರ್ ರಸ್ತೆ, ಕ್ವೇಲ್ ಹಾಲೋ ರಸ್ತೆ, ಬಹಳ ಕಡಿದಾದ ಆಲ್ಬಾ ರಸ್ತೆ. ಸ್ಕಾಟ್ಸ್ ವ್ಯಾಲಿಗೆ ನಾಲ್ಕು ಲೇನಿನ ಹೆದ್ದಾರಿಯೇ ಇದೆ. ಆದರೂ 2020ರಲ್ಲಿ ಅಲ್ಲಿಯವರೂ ಊರು ಬಿಡಬೇಕಾಯಿತು ಎನ್ನುವುದು ನೆನಪಿರಲಿ.

ರೆಡ್‌ವುಡ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಈ ಮರ ಬೆಂಕಿಗೆ ಸುಲಭಕ್ಕೆ ಸಾಯುವುದಿಲ್ಲ. ದೊಡ್ಡ ಮರದ ತೊಗಟೆ ಒಂದು ಅಡಿ ದಪ್ಪದವರೆಗೂ ಇರುತ್ತದೆ, ಅದರಲ್ಲಿ ರಾಳ ಇಲ್ಲ, ಒಗರು ಜಾಸ್ತಿ. ಮೇಲೆ ಪೂರ್ತಿ ಸುಟ್ಟರೂ ಕಾಂಡದೊಳಗೆ, ಬುಡದಲ್ಲಿ ಮಲಗಿದ್ದ ಮೊಗ್ಗುಗಳು ಎದ್ದುಬರುತ್ತವೆ. 2022ರ ಜುಲೈನಲ್ಲಿ ಬಿಗ್ ಬೇಸಿನ್‌ನ ಒಂದು ಭಾಗ ಮತ್ತೆ ತೆರೆದಾಗ ಹೋಗಿದ್ದೆವು. ಇದ್ದಿಲಿನ ಕಂಬದ ಹಾಗೆ ನಿಂತ ಮರಗಳಿಗೆ ಬುಡದಿಂದ ತುದಿವರೆಗೆ ಕೂದಲು ಬಂದ ಹಾಗೆ ಹಸಿರು ಚಿಗುರು. ಮಗಳು ಒಂದರ ಮೇಲೆ ಕೈಯಿಟ್ಟಳು, ಅಂಗೈ ಕಪ್ಪಾಯಿತು, ಇಡೀ ದಾರಿ ಅದನ್ನು ಒರೆಸಿಕೊಳ್ಳಲು ಒಪ್ಪಲಿಲ್ಲ. ಮರ ಬದುಕುತ್ತದೆ. ಅದರ ಕೆಳಗಿನ ಮರದ ಮನೆ ಬದುಕುವುದಿಲ್ಲ. ಮನೆ ಸುತ್ತ ನೂರು ಅಡಿ ಒಣಕಸ ತೆಗೆದಿಡಬೇಕು ಎಂದು ಇಲ್ಲಿ ಕಾನೂನೇ ಇದೆ, ಗೋಡೆಗೆ ತಾಗಿದ ಐದು ಅಡಿಯಲ್ಲಂತೂ ಹತ್ತಿಕೊಳ್ಳುವ ಏನೂ ಇರದಿದ್ದರೆ ಒಳ್ಳೆಯದು. ದರಗು ಗುಡಿಸುವುದು ಇಲ್ಲಿ ವರ್ಷವಿಡೀ ಮುಗಿಯದ ಕೆಲಸ. ಸೂರಿನ ದೋಣಿಯನ್ನು ನಾನು ನವೆಂಬರ್‌ನಲ್ಲಿ ತಿಂಗಳಿಗೆ ಎರಡು ಸಲ ಖಾಲಿ ಮಾಡಿಸುತ್ತೇನೆ. ಊರಲ್ಲಾದರೆ ದರಗು ಕೊಟ್ಟಿಗೆಗೆ ಹೋಗುತ್ತಿತ್ತು, ಗೊಬ್ಬರವಾಗುತ್ತಿತ್ತು. ಇಲ್ಲಿ ಬುಟ್ಟಿಗಟ್ಟಲೆ ಹೊರಗೆ ಸಾಗಿಸಬೇಕು.

ಮಳೆ, ಹೊಳೆ, ಧರೆ

ಮಳೆಗಾಲದ ಅಪಾಯ ಬೇರೆ. ಫೆಲ್ಟನ್‌ನಲ್ಲಿ ಹೊಳೆ ಉಕ್ಕುವ ಜಾಗಗಳಿವೆ. ಫೆಲ್ಟನ್ ಗ್ರೋವ್ ಎಂಬ ತಗ್ಗಿನಲ್ಲಿ 2023ರ ಜನವರಿಯಲ್ಲಿ ಮನೆಗಳಿಗೆ ನೀರು ನುಗ್ಗಿತ್ತು. ಅಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ಹೋಗಬೇಡಿ. ಬೆನ್ ಲೋಮಂಡ್‌ನಲ್ಲಿ 1982ರ ಜನವರಿಯ ಜಡಿಮಳೆಗೆ ಲವ್ ಕ್ರೀಕ್ ಬಳಿ ಗುಡ್ಡವೇ ಜಾರಿ ಹತ್ತು ಜನ ಸತ್ತರು. ನಮ್ಮ ಕಡೆಯವರಿಗೆ ಧರೆ ಕುಸಿಯುವುದು ಏನೆಂದು ಹೇಳಿಕೊಡಬೇಕಾಗಿಲ್ಲ. ಮನೆ ಹಿಂದೆ ಕಡಿದ ಧರೆ ಎಷ್ಟು ಎತ್ತರ, ಅದರ ನೀರು ಎತ್ತ ಹರಿಯುತ್ತದೆ, ಧರೆಯ ಮೇಲಿನ ಮರಗಳ ಬುಡ ಬಾಗಿದೆಯಾ, ಊರಲ್ಲಿ ನೋಡುವ ಹಾಗೇ ಇಲ್ಲೂ ನೋಡಿ. ಒಂಬತ್ತನೇ ಹೆದ್ದಾರಿ ಹೆಚ್ಚುಕಡಿಮೆ ಪ್ರತಿ ಜೋರು ಮಳೆಗಾಲದಲ್ಲೂ ಎಲ್ಲಾದರೂ ಒಂದು ಕಡೆ ಮುಚ್ಚಿರುತ್ತದೆ. ಇದರ ಬಿಸಿ ಮೊದಲು ತಟ್ಟುವುದು ಬೌಲ್ಡರ್ ಕ್ರೀಕ್‌ಗೆ.

ಭೂಕಂಪದ ಬಗ್ಗೆಯೂ ಒಂದು ಸಾಲು. 1989ರ ಲೋಮಾ ಪ್ರಿಯೆಟಾ ಭೂಕಂಪದ ಕೇಂದ್ರ ಇದೇ ಬೆಟ್ಟಸಾಲಿನ ಕಾಡಿನೊಳಗೆ ಇತ್ತು. ಹಳೆಯ ಮನೆ ಕೊಳ್ಳುವುದಾದರೆ ಮರದ ಚೌಕಟ್ಟನ್ನು ಅಡಿಪಾಯಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದಾರಾ ಎಂದು ಕೆಳಗೆ ನುಸುಳಿ ನೋಡುವವರನ್ನು ಕರೆಸಿ.

ದುಡ್ಡಿನ ಮಾತು

ಮನೆಯ ಬೆಲೆ ಸ್ಯಾನ್ ಹೋಸೆ ಕಡೆಗಿಂತ ಕಡಿಮೆ, ಬೌಲ್ಡರ್ ಕ್ರೀಕ್‌ನಲ್ಲಿ ಇನ್ನೂ ಕಡಿಮೆ. ಅದನ್ನು ನೋಡಿಯೇ ಜನ ಬರುವುದು. ಆದರೆ ಕೊಳ್ಳುವ ಮೊದಲು ಇನ್ಶೂರೆನ್ಸ್ ಎಷ್ಟಾಗುತ್ತದೆ ಎಂದು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಬೆಂಕಿಯ ಭಯದಿಂದ ಎಷ್ಟೋ ಕಂಪನಿಗಳು ಇಲ್ಲಿ ಹೊಸ ಪಾಲಿಸಿ ಕೊಡುತ್ತಿಲ್ಲ. ಯಾರೂ ಕೊಡದಿದ್ದಾಗ ಉಳಿಯುವುದು ಕ್ಯಾಲಿಫೋರ್ನಿಯಾ ಫೇರ್ ಪ್ಲಾನ್. ಅದು ಮುಖ್ಯವಾಗಿ ಬೆಂಕಿಗೆ ಅಷ್ಟೇ, ಕಳ್ಳತನ, ಪೈಪ್ ಒಡೆಯುವುದು ಇಂಥದ್ದಕ್ಕೆಲ್ಲ ಇನ್ನೊಂದು ಪಾಲಿಸಿ ಬೇರೆ ಮಾಡಿಸಬೇಕು. ನಮ್ಮದು ಎರಡನೇ ವರ್ಷಕ್ಕೆ ನವೀಕರಿಸುವುದಿಲ್ಲ ಎಂದು ಕಂಪನಿಯಿಂದ ಕಾಗದ ಬಂತು, ಕಾರಣ ಮರಗಳು. ಅಲ್ಲಿಂದ ಎರಡು ಪಾಲಿಸಿ, ಮೊದಲಿನ ಎರಡೂವರೆ ಪಟ್ಟು ಖರ್ಚು. ಮನೆಯ ಬೆಲೆಯಲ್ಲಿ ಉಳಿದದ್ದರಲ್ಲಿ ಒಂದು ಪಾಲು ಹೀಗೇ ಹೋಗುತ್ತದೆ ಎಂದು ಲೆಕ್ಕ ಹಾಕಿಕೊಂಡೇ ಬನ್ನಿ. ಸ್ಕಾಟ್ಸ್ ವ್ಯಾಲಿಯ ಪೇಟೆ ಭಾಗದಲ್ಲಿ ಈ ತೊಂದರೆ ಕಡಿಮೆ.

ಕಣಿವೆಯ ಊರುಗಳಲ್ಲಿ ಬಹುತೇಕ ಮನೆಗಳಿಗೆ ಒಳಚರಂಡಿ ಇಲ್ಲ, ಸೆಪ್ಟಿಕ್ ಟ್ಯಾಂಕ್. ಟ್ಯಾಂಕ್ ಎಷ್ಟು ಹಳೆಯದು, ಎಷ್ಟು ಕೋಣೆಯ ಮನೆಗೆ ಮಾಡಿದ್ದು, ಹಿಂಗುವ ಗುಂಡಿ ಎಲ್ಲಿದೆ, ಖಾಲಿ ಮಾಡಿಸಿ ಒಳಗೆ ನೋಡಿಸಿ. ಹೊಸದು ಮಾಡಿಸುವುದು ಹೊಳೆಯ ಹತ್ತಿರದ ಸಣ್ಣ ಜಾಗದಲ್ಲಿ ಬಹಳ ಕಷ್ಟ, ದುಬಾರಿ. ಸ್ಕಾಟ್ಸ್ ವ್ಯಾಲಿಯಲ್ಲಿ ಒಳಚರಂಡಿ ಇದೆ.

ಕರೆಂಟ್ ಹೋಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಹೋಗುತ್ತದೆ, ಬೇಸಿಗೆಯ ಕೊನೆಗೆ ಒಣಗಾಳಿ ಬೀಸಿದರೆ ತಂತಿಯಿಂದ ಕಿಡಿ ಹಾರಬಾರದೆಂದು ಕಂಪನಿಯವರೇ ತೆಗೆಯುತ್ತಾರೆ. ಬೌಲ್ಡರ್ ಕ್ರೀಕ್‌ನಲ್ಲಿ ಒಮ್ಮೆ ಐದು ದಿನ ಇರಲಿಲ್ಲ. ಜನರೇಟರ್ ಇಟ್ಟುಕೊಳ್ಳದೆ ಆಗುವುದಿಲ್ಲ. ಸ್ವಂತ ಬೋರ್‌ವೆಲ್ ಇರುವ ಮನೆಯಾದರೆ ಕರೆಂಟ್ ಜೊತೆ ನೀರೂ ಹೋಗುತ್ತದೆ, ಮರೆಯಬೇಡಿ. ಮೊಬೈಲ್ ಸಿಗ್ನಲ್ ಮನೆ ಮನೆಗೂ ಬೇರೆ. ಮನೆಯಿಂದಲೇ ಕೆಲಸ ಮಾಡುವವರು ಮನೆ ನೋಡಲು ಹೋದಾಗ ಅಲ್ಲೇ ನಿಂತು ಒಂದು ವಿಡಿಯೋ ಕಾಲ್ ಮಾಡಿ ನೋಡಿ.

ಓಡಾಟ, ಶಾಲೆ, ಜನ

ಟ್ರಾಫಿಕ್ ಇಲ್ಲದಿದ್ದರೆ ಸ್ಕಾಟ್ಸ್ ವ್ಯಾಲಿಯಿಂದ ಗುಡ್ಡದಾಚೆ ಸ್ಯಾನ್ ಹೋಸೆ ಕಡೆಯ ಲಾಸ್ ಗ್ಯಾಟೋಸ್‌ಗೆ ಇಪ್ಪತ್ತೈದು ನಿಮಿಷದೊಳಗೆ. ಫೆಲ್ಟನ್‌ನಿಂದ ಅದಕ್ಕೆ ಹತ್ತು ನಿಮಿಷ ಸೇರಿಸಿ, ಬೌಲ್ಡರ್ ಕ್ರೀಕ್‌ನಿಂದ ಇನ್ನೂ ಹದಿನೈದು. ವಾರಕ್ಕೆ ಮೂರು ದಿನಕ್ಕಿಂತ ಜಾಸ್ತಿ ಆಫೀಸಿಗೆ ಹೋಗಬೇಕಾದವರಿಗೆ ಬೌಲ್ಡರ್ ಕ್ರೀಕ್ ಬೇಡ ಎಂದೇ ಹೇಳುತ್ತೇನೆ. ನಮ್ಮ ಮನೆಯವರು ಎರಡು ವರ್ಷ ಮಾಡಿದರು, ಕತ್ತಲಲ್ಲಿ ಮಳೆಯಲ್ಲಿ ಆ ತಿರುವುಗಳು ಮೈ ಹಣ್ಣು ಮಾಡುತ್ತವೆ. ಸ್ಕಾಟ್ಸ್ ವ್ಯಾಲಿಯಿಂದ ಸ್ಯಾನ್ ಹೋಸೆಯ ಡಿರಿಡಾನ್ ಸ್ಟೇಷನ್‌ಗೆ ಬಸ್ಸಿದೆ, ಕಾರು ಓಡಿಸಿ ಸಾಕಾದವರಿಗೆ ಒಳ್ಳೆಯದು. ಬೇಸಿಗೆಯ ಶನಿವಾರ ಬೆಳಿಗ್ಗೆ ಮಾತ್ರ ಹದಿನೇಳನೇ ಹೆದ್ದಾರಿಯ ತುಂಬ ಸಮುದ್ರಕ್ಕೆ ಹೋಗುವವರು, ಆಗ ಆ ಕಡೆಯಿಂದ ಯಾರನ್ನೂ ಊಟಕ್ಕೆ ಕರೆಯಬೇಡಿ.

ಶಾಲೆಯ ಮಟ್ಟಿಗೆ ಕಣಿವೆ, ಸ್ಕಾಟ್ಸ್ ವ್ಯಾಲಿ ಎರಡೂ ಕಡೆ ಚೆನ್ನಾಗಿದೆ. ಬೌಲ್ಡರ್ ಕ್ರೀಕ್‌ನಲ್ಲಿ ಚಿಕ್ಕ ಮಕ್ಕಳ ಶಾಲೆ ಇದೆ, ಹೈಸ್ಕೂಲಿಗೆ ಫೆಲ್ಟನ್‌ಗೇ ಬರಬೇಕು. ಫೆಲ್ಟನ್‌ನಲ್ಲಿ 2020ರಲ್ಲಿ ಹೊಸದಾಗಿ ಕಟ್ಟಿದ ಲೈಬ್ರರಿ ಇದೆ, ಎತ್ತರದ ಕಿಟಕಿಗಳಿಂದ ಬೆಳಕು ತುಂಬಿರುತ್ತದೆ. ಮಳೆಗಾಲದಲ್ಲಿ ನಾನೂ ಮಗಳೂ ವಾರಕ್ಕೆ ಮೂರು ಸಂಜೆ ಅಲ್ಲೇ ಇರುತ್ತೇವೆ.

ನಮ್ಮವರು ಕಡಿಮೆ. ದೇವಸ್ಥಾನ, ದಿನಸಿ ಅಂಗಡಿ, ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವ, ಮಕ್ಕಳ ಕನ್ನಡ ತರಗತಿ, ಎಲ್ಲದಕ್ಕೂ ಗುಡ್ಡ ದಾಟಬೇಕು. ನಾನು ತಿಂಗಳಿಗೆ ಎರಡು ಸಲ ಸನ್ನಿವೇಲ್‌ಗೆ ಹೋಗಿ ಅಕ್ಕಿ, ಬೇಳೆ, ಕರಿಬೇವು, ತೆಂಗಿನಕಾಯಿ ತುಂಬಿಕೊಂಡು ಬರುತ್ತೇನೆ. ಇದು ಭಾರ ಎನಿಸುವವರಿಗೆ ಸ್ಕಾಟ್ಸ್ ವ್ಯಾಲಿಯೇ ಸರಿ. ಆದರೆ ಈ ಕಣಿವೆಯ ಊರುಗಳಲ್ಲಿ ನೆರೆಹೊರೆ ಎಂದರೆ ನಿಜವಾದ ನೆರೆಹೊರೆ. ಬೆಂಕಿ ಆರಿಸುವ ದಳದಲ್ಲಿ ಇರುವವರು ಬಹಳಷ್ಟು ಜನ ಊರಿನ ಸ್ವಯಂಸೇವಕರೇ. ಬೌಲ್ಡರ್ ಕ್ರೀಕ್‌ನಲ್ಲಿ ಮರ ಬಿದ್ದು ನಮ್ಮ ದಾರಿ ಮುಚ್ಚಿದಾಗ, ಪಕ್ಕದ ಮನೆಯ ಎಪ್ಪತ್ತು ದಾಟಿದ ಅಜ್ಜ ಯಾರೂ ಕರೆಯದೆಯೇ ಚೈನ್ ಸಾ ಹಿಡಿದು ಬಂದರು. ಇನ್ನಿಬ್ಬರು ಸೇರಿಕೊಂಡರು. ಒಂದೂವರೆ ಗಂಟೆಯಲ್ಲಿ ದಾರಿ ಬಿಡಿಸಿ, ತುಂಡುಗಳನ್ನು ನಮ್ಮ ಸೌದೆಯ ಒಟ್ಟಿಲಿಗೆ ಜೋಡಿಸಿ, ಕಾಫಿ ಕುಡಿದು ಹೋದರು. ಈ ಮೂರು ಊರಲ್ಲಿ ಯಾವುದರ ಜನ ಒಳ್ಳೆಯವರು ಎಂದು ನನ್ನನ್ನು ಕೇಳಿದರೆ ಬೌಲ್ಡರ್ ಕ್ರೀಕ್ ಎನ್ನುತ್ತೇನೆ, ಈಗಲೂ.

ಹಾಗಾದರೆ ಯಾರಿಗೆ ಯಾವುದು

ಚಿಕ್ಕ ಮಕ್ಕಳು, ಊರಿಂದ ಬಂದು ಆರು ತಿಂಗಳು ಇರುವ ಅಪ್ಪ ಅಮ್ಮ, ದಿನಾ ಆಫೀಸು, ಈ ಮೂರರಲ್ಲಿ ಎರಡಿದ್ದರೂ ಸ್ಕಾಟ್ಸ್ ವ್ಯಾಲಿ. ಅಮ್ಮ ಅಲ್ಲಿದ್ದಾಗ ತಾವೇ ನಡೆದು ಅಂಗಡಿಗೆ ಹೋಗಿ ಬರುತ್ತಿದ್ದರು. ಕಾಡು ಹತ್ತು ನಿಮಿಷ ದೂರ, ಅಷ್ಟೇ. ಆದರೆ ಕಿಟಕಿ ತೆರೆದರೆ ರೆಡ್‌ವುಡ್ ಇರುವುದಿಲ್ಲ, ಅದಕ್ಕಾಗಿಯೇ ಬರುವವರಿಗೆ ಅಲ್ಲಿ ಏನೋ ಕಳೆದುಕೊಂಡ ಹಾಗೆ ಇರುತ್ತದೆ. ನನಗೆ ಹಾಗೇ ಇತ್ತು.

ವಾರಕ್ಕೆ ಎರಡು ದಿನ ಆಫೀಸು, ಕಾಡಿನೊಳಗೇ ಇರಬೇಕು, ಆದರೆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬರಬೇಕು ಎಂದರೆ ಫೆಲ್ಟನ್, ಹೊಳೆಯ ತಗ್ಗು ಬಿಟ್ಟು. ಬಿಸಿಲಿಲ್ಲದೆ ಆಗುವುದಿಲ್ಲ, ತರಕಾರಿ ಬೆಳೆಯಬೇಕು ಎನ್ನುವವರಿಗೆ ಬೆನ್ ಲೋಮಂಡ್‌ನ ಮರಳುನೆಲದ ಕಡೆ. ಪೂರ್ತಿ ಮನೆಯಿಂದಲೇ ಕೆಲಸ, ಕೈಯಲ್ಲಿ ಕೆಲಸ ಮಾಡಲು ಇಷ್ಟ, ಕರೆಂಟ್ ಹೋದರೆ ಗಾಬರಿಯಾಗದ ಗಟ್ಟಿ ಜೀವಗಳಿಗೆ ಬೌಲ್ಡರ್ ಕ್ರೀಕ್. ಬಾನಿ ಡೂನ್, ಸಮಿಟ್ ರಸ್ತೆಯ ಕಡೆ ಗುಡ್ಡದ ನೆತ್ತಿಯ ಮನೆಗಳನ್ನ ತೋರಿಸುತ್ತಾರೆ. ಬಿಸಿಲು ಧಾರಾಳ, ನೋಟ ಅದ್ಭುತ, ಆದರೆ ಗಾಳಿ, ಬೆಂಕಿ, ಇನ್ಶೂರೆನ್ಸ್ ಮೂರೂ ಅಲ್ಲಿ ಇನ್ನೂ ಜಾಸ್ತಿ. ಇಲ್ಲಿ ನಾಲ್ಕೈದು ವರ್ಷ ಇದ್ದು ಅಭ್ಯಾಸವಾಗದೆ ಅಲ್ಲಿಗೆ ಹೋಗಬೇಡಿ.

ಯಾವ ಊರೇ ಆಗಲಿ, ಮೊದಲ ವರ್ಷ ಬಾಡಿಗೆಗೆ ಇರಿ, ಒಂದು ಮಳೆಗಾಲ, ಒಂದು ಸೆಪ್ಟೆಂಬರ್ ದಾಟಿ. ಅದು ಆಗದಿದ್ದರೆ ಜನವರಿಯಲ್ಲಿ ಮನೆ ನೋಡಲು ಬನ್ನಿ, ಹನ್ನೊಂದರಿಂದ ಮೂರರವರೆಗೆ ಅಂಗಳದಲ್ಲಿ ನಿಂತು ಬಿಸಿಲು ಎಲ್ಲಿ ಬಂತು ಎಲ್ಲಿ ಹೋಯಿತು ನೋಡಿಕೊಳ್ಳಿ, ಆಮೇಲೆ ಕತ್ತಲಾದ ಮೇಲೆ ಅಲ್ಲಿಂದ ಹದಿನೇಳನೇ ಹೆದ್ದಾರಿಯವರೆಗೆ ನೀವೇ ಕಾರು ಓಡಿಸಿಕೊಂಡು ಹೋಗಿ. ಫೆಲ್ಟನ್ ಕಡೆ ಬಂದರೆ ನಮ್ಮ ಮನೆಗೂ ಬನ್ನಿ. ಇಲ್ಲಿ ಡೆಕ್ಕಿನ ಮೇಲೆ ಚಳಿಗಾಲದಲ್ಲೂ ಮೂರೂವರೆ ಗಂಟೆ ಬಿಸಿಲಿದೆ, ಹೋದ ವರ್ಷ ಅಮ್ಮನ ಬಾಳಕ ಒಣಗಿತು.